ಗಾಳಿಗೆ ಹಾರದ ಧೂಳು

ಜೇವರ್ಗಿಯಿಂದ ಕಲಬುರಗಿಗೆ ಬಾಡಿಗೆ ಕಾರು ಓಡಿಸುವ ಓದುಗರೊಬ್ಬರು ಫೋನ್ ಮಾಡಿ ಕೇಳಿದರು: “ಸರ, ಎಸಿ ಫ್ಯಾನ್ ನಾಲ್ಕರ ಮ್ಯಾಲ ಇಟ್ಟೀನ್ರಿ. ಮಾರಿಗಿ ರಪ್ಪಂತ ಗಾಳಿ ಬಡೀತದ. ಆದ್ರ ಆ ಗಾಳಿ ಬರೂ ಜಾಳಿಗಿ ಪಟ್ಟಿ ಮ್ಯಾಲಿನ ಧೂಳ ಯಾಕ ಹಾರವಲ್ದು?”

ಈ ಪ್ರಶ್ನೆ ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ದಿನಾ ಕಣ್ಣೆದುರಿಗೇ ಇದ್ದರೂ ಯಾರೂ ಕೇಳದ ಪ್ರಶ್ನೆ ಇದು. ಇದಕ್ಕೆ ಸರಿಯಾದ ಉತ್ತರ ಸಿಗಲು ಜಗತ್ತು 1904ರವರೆಗೆ ಕಾಯಬೇಕಾಯಿತು.

ಮೊದಲು ಧೂಳಿನ ಜಾತಕ ನೋಡೋಣ. ಆಳಂದ, ಅಫಜಲಪುರದ ಕಡೆಯ ಎರಿ ಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದ ಲಾವಾರಸದ ಮಗಳು. ಲಾವಾ ಆರಿ ಕರಿಕಲ್ಲಾಯಿತು, ಕರಿಕಲ್ಲು ಸವೆದು ಜೇಡಿಯಾಯಿತು. ಜೇಡಿಯ ಒಂದು ಕಣ ಎರಡು ಮೈಕ್ರಾನಿಗಿಂತ ಸಣ್ಣದು. ಸಾಲಾಗಿ ಐನೂರು ಕಣ ಇಟ್ಟರೂ ಒಂದು ಮಿಲಿಮೀಟರ್ ದಾಟುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಶುರುವಾದರೆ ಇದರ ಜೊತೆ ಹೊಟ್ಟಿನ ಪುಡಿಯೂ ಸೇರುತ್ತದೆ.

ಕಣ ಅಂದೆ. ನಮ್ಮಲ್ಲಿ ರಾಶಿ ಮಾಡುವ ಜಾಗಕ್ಕೂ ಕಣ ಅನ್ನುತ್ತಾರೆ. ಅಲ್ಲಿ ನಿಂತು ಗಾಳಿಗೆ ತೂರಿದವರಿಗೆ ಒಂದು ಪಾಠ ಮೈಗೆ ಹತ್ತಿರುತ್ತದೆ: ಕಾಳು ಕೆಳಗೆ, ಹೊಟ್ಟು ದೂರ. ಹಗುರಾದದ್ದು ಹಾರುತ್ತದೆ. ಹೊಟ್ಟಿನ ಮಟ್ಟಿಗೆ ಇದು ಸತ್ಯ. ಆದರೆ ಒಂದು ಮೇಲ್ಮೈಗೆ ಕೂತ ಧೂಳಿನ ವಿಷಯದಲ್ಲಿ ಈ ಪಾಠ ತಲೆಕೆಳಗಾಗುತ್ತದೆ. ಅಲ್ಲಿ ಕಣ ಸಣ್ಣದಾದಷ್ಟೂ ಹಾರಿಸುವುದು ಕಷ್ಟ!

1904ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಗಣಿತಜ್ಞರ ಸಮ್ಮೇಳನ ಸೇರಿತ್ತು. ಅಲ್ಲಿ 29 ವರ್ಷದ ಲುಡ್ವಿಗ್ ಪ್ರಾಂಟಲ್ ಒಂದು ಪುಟ್ಟ ಪ್ರಬಂಧ ಓದಿದರು. ಗಾಳಿ ಯಾವುದೇ ವಸ್ತುವಿನ ಮೇಲೆ ಹರಿದರೂ ಆ ವಸ್ತುವಿಗೆ ತಾಗಿದ ಗಾಳಿ ಚಲಿಸುವುದೇ ಇಲ್ಲ, ನಿಂತುಬಿಡುತ್ತದೆ. ಅದರ ಮೇಲಿನದು ನಿಧಾನ, ಅದರ ಮೇಲಿನದು ಸ್ವಲ್ಪ ಜೋರು, ಹೀಗೆ ಏರುತ್ತಾ ಹೋಗಿ ಪೂರ್ತಿ ವೇಗಕ್ಕೆ ಮುಟ್ಟುತ್ತದೆ. ಈ ತೆಳ್ಳನೆಯ ಹೊದಿಕೆಗೆ ಗಡಿಪದರ ಎನ್ನುತ್ತಾರೆ.

ನಮ್ಮ ಕಾರಿನ ಪಟ್ಟಿಗೆ ಇದನ್ನು ಅನ್ವಯಿಸಿ ನಾನು ಲೆಕ್ಕ ಹಾಕಿದೆ. ಪಟ್ಟಿಯ ಅಗಲ ಒಂದು ಸೆಂಟಿಮೀಟರ್, ಗಾಳಿಯ ವೇಗ ಸೆಕೆಂಡಿಗೆ ಐದು ಮೀಟರ್ ಎಂದಿಟ್ಟುಕೊಂಡರೆ ಗಡಿಪದರದ ದಪ್ಪ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ಹತ್ತು ಮೈಕ್ರಾನಿನ ಧೂಳಿನ ಕಣ ಈ ಪದರದ ತಳದಲ್ಲಿ ಬಿದ್ದುಕೊಂಡಿರುತ್ತದೆ. ಅದಕ್ಕೆ ತಾಗುವ ಗಾಳಿಯ ವೇಗ ಸೆಕೆಂಡಿಗೆ ಐದು ಸೆಂಟಿಮೀಟರ್, ಅಂದರೆ ನಮ್ಮ ಮುಖಕ್ಕೆ ಬಡಿಯುವುದರ ನೂರರಲ್ಲಿ ಒಂದು ಪಾಲು.

ಇದರ ಮೇಲೆ ಅಂಟು ಬೇರೆ. ಅಣುಗಳು ತೀರಾ ಹತ್ತಿರ ಬಂದಾಗ ಒಂದನ್ನೊಂದು ಎಳೆಯುತ್ತವೆ. ಕಣದ ಅಗಲ ಹತ್ತು ಪಟ್ಟು ಇಳಿದರೆ ತೂಕ ಸಾವಿರ ಪಟ್ಟು ಇಳಿಯುತ್ತದೆ, ಅಂಟು ಮಾತ್ರ ಹತ್ತೇ ಪಟ್ಟು. ಆದ್ದರಿಂದ ಸಣ್ಣ ಕಣಕ್ಕೆ ತನ್ನ ತೂಕದ ಎಷ್ಟೋ ಪಟ್ಟು ಹಿಡಿತ ಸಿಗುತ್ತದೆ. ಮರುಭೂಮಿಯ ಮರಳನ್ನು ಅಭ್ಯಾಸ ಮಾಡಿ 1941ರಲ್ಲಿ ಪುಸ್ತಕ ಬರೆದ ಬ್ರಿಟಿಷ್ ಸೇನಾ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ ನಯವಾದ ಸಿಮೆಂಟ್ ಪುಡಿ ಹರಡಿ ಅದರ ಮೇಲೆ ಗಾಳಿ ಬಿಟ್ಟು ನೋಡಿದ್ದರು. ಹರಳುಗಳನ್ನು ಉರುಳಿಸುವಂಥ ಗಾಳಿಗೂ ಅದು ಜಗ್ಗಲಿಲ್ಲ. ಎರಿ ಹೊಲದ ದಾರಿಯಲ್ಲಿ ಧೂಳು ಏಳುವುದೂ ಬರೀ ಗಾಳಿಗಲ್ಲ. ಟ್ರ್ಯಾಕ್ಟರಿನ ಗಾಲಿ, ಎತ್ತಿನ ಗೊರಸು, ಕುಪ್ಪಳಿಸುವ ಮರಳಿನ ಹರಳು ಅದನ್ನು ಒದ್ದು ಎಬ್ಬಿಸಬೇಕು.

ನೀವೂ ನೋಡಬಹುದು. ಸ್ಟೀಲಿನ ತಾಟಿಗೆ ಒಂದು ಕಡೆ ರವೆ, ಇನ್ನೊಂದು ಕಡೆ ಮುಖದ ಪೌಡರು ತೆಳ್ಳಗೆ ಸವರಿ ಟೇಬಲ್ ಫ್ಯಾನಿಗೆ ಹಿಡಿಯಿರಿ. ನಾನು ಹಿಡಿದಾಗ ರವೆ ಎಲ್ಲ ನೆಲಕ್ಕೆ ಹೋಯಿತು, ಪೌಡರಿನ ಬಿಳಿ ತಾಟಿಗೇ ಉಳಿಯಿತು. ಒದ್ದೆ ಬೆರಳು ಎಳೆದೆ, ಒಂದೇ ಸಲಕ್ಕೆ ಬಂತು.

ಗಾಳಿ ಸೋತಲ್ಲಿ ನೀರು ಗೆಲ್ಲುತ್ತದೆ. ನೀರು ಕಣದ ಅಡಿಗೆ ನುಸುಳಿ ಅಂಟನ್ನು ಸಡಿಲಿಸುತ್ತದೆ, ತನ್ನ ಅಂಚಿನ ಬಿಗಿತದಿಂದ ಎಳೆದುಕೊಳ್ಳುತ್ತದೆ. ಅದಕ್ಕೇ ಬಣ್ಣ ಹಚ್ಚುವ ಅರ್ಧ ಇಂಚಿನ ಮೆತ್ತನೆಯ ಬ್ರಷ್ಷನ್ನು ನೀರಿಗೆ ಅದ್ದಿ, ಚೆನ್ನಾಗಿ ಹಿಂಡಿ, ಪಟ್ಟಿಗಳ ನಡುವೆ ಆಡಿಸಿ. ಒಣ ಬಟ್ಟೆಯಿಂದ ಉಜ್ಜಬೇಡಿ; ಬೇಸಿಗೆಯ ಒಣ ಹವೆಯಲ್ಲಿ ಉಜ್ಜಿದ ಪ್ಲಾಸ್ಟಿಕ್ಕಿಗೆ ವಿದ್ಯುದಂಶ ಬಂದು ಅದು ಮತ್ತೆ ಧೂಳನ್ನು ಕರೆಯುತ್ತದೆ. ಪಂಚರ್ ಅಂಗಡಿಯ ಹವಾ ಪೈಪೂ ಬೇಡ. ಧೂಳು ಎದ್ದರೂ ಅರ್ಧ ಒಳಗಿನ ಕೊಳವೆಗೆ ಹೋಗಿ ಕೂರುತ್ತದೆ. ಗ್ಲೋವ್ ಬಾಕ್ಸಿನ ಹಿಂದೆ ಫಿಲ್ಟರ್ ಇದ್ದರೆ ರಾಶಿಯ ಕಾಲ ಮುಗಿದ ಮೇಲೆ ಒಮ್ಮೆ ತೆಗೆದು ನೋಡಿ.

ಇನ್ನೊಂದು ಮಾತು, ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ. ಅಮಾವಾಸ್ಯೆಗೆ ಇದೇ ಜಾಳಿಗೆಯ ಸಂದಿಗೆ ಊದಿನಕಡ್ಡಿ ಸಿಕ್ಕಿಸಿ, ಹೊಗೆ ಒಳಗೆ ಹೋದರೆ ದೃಷ್ಟಿಯೂ ಹೋಗುತ್ತದೆ, ಎಸಿಯ ಕೆಟ್ಟ ವಾಸನೆಯೂ ಹೋಗುತ್ತದೆ ಎನ್ನುವವರಿದ್ದಾರೆ. ಎರಡೂ ಸುಳ್ಳು. ಹೊಗೆಯ ಜಿಡ್ಡು ಕಣಗಳು ಒಳಗಿನ ತಣ್ಣನೆಯ ಒದ್ದೆ ಸುರುಳಿಗೆ ಮೆತ್ತಿಕೊಳ್ಳುತ್ತವೆ, ಮುಂದೆ ಬರುವ ಧೂಳಿಗೆ ಅಂಟಾಗುತ್ತವೆ. ವಾಸನೆ ಬರುವುದು ಆ ಒದ್ದೆಯಲ್ಲಿ ಬೆಳೆದ ಬೂಷ್ಟಿನಿಂದ. ಊರು ಮುಟ್ಟುವ ಐದು ನಿಮಿಷ ಮೊದಲು ಎಸಿ ಆರಿಸಿ ಬರೀ ಫ್ಯಾನ್ ಓಡಿಸಿದರೆ ಸುರುಳಿ ಒಣಗುತ್ತದೆ. ದೇವರ ಮೇಲಿನ ಭಕ್ತಿಗೆ ಜಾಳಿಗೆಯ ಸಂದಿಯೇ ಆಗಬೇಕೆಂದಿಲ್ಲ.

ಇಷ್ಟು ಹೇಳಿದ ಮೇಲೆ ಜೇವರ್ಗಿಯವರು ಕೇಳಿದರು: “ಹಂಗಾರ ಮನ್ಯಾಗಿನ ಫ್ಯಾನಿಂದೂ ಇದೇ ಕತಿ ಏನ್ರಿ?” ಹೌದು. ನಾಲ್ಕಡಿಯ ಸೀಲಿಂಗ್ ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗಿದರೆ ಅದರ ರೆಕ್ಕೆಯ ತುದಿ ಗಂಟೆಗೆ ಸುಮಾರು 68 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಆ ತುದಿಗೆ ಕೂತ ಧೂಳು ಯುಗಾದಿಯಿಂದ ಮಿರಗದ ಮಳೆಯವರೆಗೆ ಅದೇ ವೇಗದಲ್ಲಿ ಸುತ್ತುತ್ತಾ, ಯಾರಾದರೂ ಒದ್ದೆ ಬಟ್ಟೆ ಹಿಡಿದು ಕುರ್ಚಿ ಹತ್ತುವವರೆಗೂ ಅಲ್ಲೇ ಇರುತ್ತದೆ.