ಹುತ್ತದೊಳಗೊಂದು ಒಕ್ಕಲುತನ

ರಟ್ಟೀಹಳ್ಳಿ ಸೀಮೆಯಲ್ಲಿ ಹುತ್ತ ನೋಡದವರಿಲ್ಲ. ಹೊಲದ ಬದು, ಬೇವಿನ ಮರದ ಬುಡ, ಕೆರೆಯ ಏರಿ, ಕುಮುದ್ವತಿಯ ದಂಡೆ – ಎಲ್ಲಿ ಹೋದರೂ ಒಂದಲ್ಲ ಒಂದು ಮಣ್ಣಿನ ಗೋಪುರ ಎದುರಾಗುತ್ತದೆ. ನಾಗರ ಪಂಚಮಿ ಬಂತೆಂದರೆ ಹೆಣ್ಣುಮಕ್ಕಳು ಹುತ್ತಕ್ಕೆ ಹಾಲೆರೆದು ಕೈಮುಗಿಯುತ್ತಾರೆ. ಅದೇ ಹುತ್ತದ ಗೆದ್ದಲು ಬಣವಿಗೆ ಹತ್ತಿತೆಂದರೆ ಮನೆಯ ಯಜಮಾನ ಔಷಧಿ ಅಂಗಡಿಗೆ ಓಡುತ್ತಾನೆ. ಪೂಜೆ ನಾಗಪ್ಪನಿಗೆ, ವಿಷ ಗೆದ್ದಲಿಗೆ!

ಆದರೆ ಹುತ್ತ ಕಟ್ಟಿದ್ದು ಹಾವಲ್ಲ. ಮಣ್ಣು ಅಗೆದು ಗೋಡೆ ಎಬ್ಬಿಸಲು ಅದಕ್ಕೆ ಕೈಯೂ ಇಲ್ಲ, ಕಾಲೂ ಇಲ್ಲ. ಕಟ್ಟಿದ್ದು ಅಕ್ಕಿಕಾಳಿಗಿಂತ ಚಿಕ್ಕದಾದ, ಕಣ್ಣೇ ಕಾಣದ ಕೂಲಿಗೆದ್ದಲು. ಅಷ್ಟೇ ಅಲ್ಲ, ಆ ಹುತ್ತದ ಒಡಲಲ್ಲಿ ಅದು ಒಕ್ಕಲುತನವನ್ನೂ ಮಾಡುತ್ತದೆ!

ಇರುವೆಯಲ್ಲ, ಜಿರಲೆಯ ಬಳಗ

ಗೆದ್ದಲನ್ನು ‘ಬಿಳಿ ಇರುವೆ’ ಎಂದು ಕರೆಯುವ ರೂಢಿ ಇದೆ. ಇದು ತಪ್ಪು. ಇರುವೆಗಳು ಜೇನು, ಕಣಜಗಳ ವಂಶಕ್ಕೆ ಸೇರಿದವು. ಗೆದ್ದಲನ್ನು ಬಹುಕಾಲ ‘ಐಸಾಪ್ಟೆರಾ’ ಎಂಬ ಪ್ರತ್ಯೇಕ ಗಣದಲ್ಲಿ ಇಡಲಾಗಿತ್ತು. 2007ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ವಿಜ್ಞಾನಿಗಳು ಡಿಎನ್‌ಎ ಹೋಲಿಸಿ ನೋಡಿದಾಗ, ಗೆದ್ದಲು ಜಿರಲೆಗಳ ವಂಶವೃಕ್ಷದ್ದೇ ಒಂದು ಕೊಂಬೆ ಎಂಬುದು ಖಚಿತವಾಯಿತು. ಮರ ತಿನ್ನುವ ಒಂದು ಬಗೆಯ ಕಾಡುಜಿರಲೆ ಅದರ ಅತಿ ಹತ್ತಿರದ ನೆಂಟ.

ಸಂಸಾರದ ರೀತಿಯಲ್ಲೂ ಗೆದ್ದಲಿಗೂ ಇರುವೆಗೂ ಬಹಳ ಅಂತರವಿದೆ. ಇರುವೆ, ಜೇನುಗಳಲ್ಲಿ ಗಂಡು ಒಮ್ಮೆ ಕೂಡಿ ಸತ್ತುಹೋಗುತ್ತದೆ. ಗೆದ್ದಲಿನಲ್ಲಿ ಹಾಗಲ್ಲ. ರಾಜ ಜೀವನಪೂರ್ತಿ ರಾಣಿಯ ಮಗ್ಗುಲಲ್ಲೇ ಇರುತ್ತಾನೆ. ರಾಣಿಯ ಹೊಟ್ಟೆ ಬೆರಳುಗಾತ್ರಕ್ಕೆ ಉಬ್ಬಿ, ಆಕೆಗೆ ನಡೆಯಲೂ ಆಗುವುದಿಲ್ಲ. ದಿನವೊಂದಕ್ಕೆ ಸಾವಿರಾರು ಮೊಟ್ಟೆ ಇಡುವುದೇ ಆಕೆಯ ಕೆಲಸ. ಕೂಲಿಗಳಲ್ಲಿ ಗಂಡೂ ಉಂಟು, ಹೆಣ್ಣೂ ಉಂಟು. ಸೈನಿಕ ಗೆದ್ದಲಿಗೆ ದವಡೆ ಎಷ್ಟು ದೊಡ್ಡದೆಂದರೆ ತಾನಾಗಿ ಉಣ್ಣಲು ಬಾರದು; ಕೂಲಿಗಳೇ ತುತ್ತು ಕೊಡಬೇಕು!

ಮೂರು ಕೋಟಿ ವರ್ಷದ ಬೇಸಾಯ

ಕಟ್ಟಿಗೆ, ಒಣದಂಟು, ತರಗೆಲೆಗಳಲ್ಲಿರುವ ಸೆಲ್ಯುಲೋಸ್, ಲಿಗ್ನಿನ್ ಜೀರ್ಣವಾಗುವುದು ಸುಲಭವಲ್ಲ. ಕೆಲವು ಜಾತಿಯ ಗೆದ್ದಲುಗಳ ಕರುಳಿನಲ್ಲಿ ಈ ಕೆಲಸಕ್ಕೆಂದೇ ಏಕಕೋಶ ಜೀವಿಗಳಿವೆ. ದಕ್ಷಿಣ ಭಾರತದಲ್ಲಿ ಎತ್ತರದ ಹುತ್ತ ಕಟ್ಟುವ ‘ಒಡೊಂಟೊಟರ್ಮಿಸ್ ಒಬೆಸಸ್’ ಎಂಬ ಗೆದ್ದಲು ಬೇರೊಂದು ಉಪಾಯ ಕಂಡುಕೊಂಡಿದೆ. ಅದು ಅಣಬೆ ಬೆಳೆಯುತ್ತದೆ.

ಕೂಲಿಗಳು ಒಣಕಸವನ್ನು ನುಂಗಿ ತಂದು, ಅರೆಜೀರ್ಣವಾದ ಹಿಕ್ಕೆಯಿಂದ ಜೇನುಹುಟ್ಟಿನಂತಹ ತಟ್ಟೆ ಕಟ್ಟುತ್ತವೆ. ಇದೇ ಅವುಗಳ ಹೊಲ. ಅದರ ಮೇಲೆ ‘ಟರ್ಮಿಟೊಮೈಸಿಸ್’ ಎಂಬ ಶಿಲೀಂಧ್ರ ಬೆಳೆದು, ಗಟ್ಟಿ ನಾರನ್ನೆಲ್ಲ ಮೆತ್ತಗೆ ಮಾಡುತ್ತದೆ. ಶಿಲೀಂಧ್ರದ ಸಾಸಿವೆಯಂತಹ ಬಿಳಿ ಗುಂಡುಗಳೂ, ಹದಗೊಂಡ ಹಳೆಯ ತಟ್ಟೆಯೂ ಗೆದ್ದಲಿನ ಆಹಾರ. ಮಳೆಗಾಲದಲ್ಲಿ ಹುತ್ತದ ಮೇಲೆ ಕೊಡೆ ಬಿಚ್ಚುವ ಅಣಬೆ ಇದೇ ಬೆಳೆಯ ಹೂವು ಎನ್ನಬಹುದು. ಮುಂಗಾರಿನ ಮೊದಲ ಮಳೆಗೆ ದೀಪದ ಸುತ್ತ ಮುತ್ತುವ ರೆಕ್ಕೆಯ ಮಳೆಹುಳುಗಳನ್ನು ನೀವೆಲ್ಲ ನೋಡಿದ್ದೀರಿ. ಅವೇ ಮುಂದಿನ ರಾಜ ರಾಣಿಯರು. ಹಕ್ಕಿ, ಹಲ್ಲಿ, ಕಪ್ಪೆಗಳ ಬಾಯಿಂದ ಪಾರಾದ ಒಂದೊಂದು ಜೋಡಿ ರೆಕ್ಕೆ ಕಳಚಿ ನೆಲದೊಳಗೆ ಸೇರುತ್ತದೆ. ಅವುಗಳ ಮೊದಲ ಕೂಲಿಮಕ್ಕಳು ಹೊರಬರುವ ವೇಳೆಗೆ ಅಣಬೆಗಳ ಬೀಜಕಣ ಮಣ್ಣಿನ ಮೇಲೆ ಉದುರಿರುತ್ತದೆ. ಹೊಸ ಹೊಲಕ್ಕೆ ಬಿತ್ತನೆಬೀಜ ಸಿದ್ಧ!

ಬೆಳೆ ಎಂದ ಮೇಲೆ ಕಳೆ ಇರಲೇಬೇಕಲ್ಲ? ‘ಸೂಡೊಕ್ಸೈಲೇರಿಯ’ ಎಂಬ ಇನ್ನೊಂದು ಶಿಲೀಂಧ್ರ ಈ ತಟ್ಟೆಗಳಿಗೆ ಕಾಟ ಕೊಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೆ ಬೊರ್ಜಸ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಣ್ಣಿಲ್ಲದ ಕೂಲಿಗಳು ವಾಸನೆಯಿಂದಲೇ ಕಳೆಯನ್ನು ಗುರುತಿಸಿ, ಅದರ ಮೇಲೆ ಮಣ್ಣು ಮುಚ್ಚಿ ಹೂಳುತ್ತಿದ್ದವು. ಬೆಳೆಯನ್ನು ಹಾಗೆ ಹೂಳುತ್ತಿರಲಿಲ್ಲ.

ಮನುಷ್ಯ ಬೇಸಾಯ ಕಲಿತು ಸುಮಾರು 10 ಸಾವಿರ ವರ್ಷವಾಗಿರಬಹುದು. ಗೆದ್ದಲಿನ ಅಣಬೆ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ ವಯಸ್ಸು!

ಉಂಡೆ ಉಂಡೆಯಾಗಿ ಗೋಡೆ

ಹುತ್ತ ಕಟ್ಟುವ ಕ್ರಮವನ್ನೂ ಭಾರತೀಯ ವಿಜ್ಞಾನ ಸಂಸ್ಥೆಯವರು ಅಭ್ಯಾಸ ಮಾಡಿದ್ದಾರೆ. ಕೂಲಿ ಗೆದ್ದಲು ಹಸಿಮಣ್ಣಿಗೆ ಜೊಲ್ಲು ಬೆರೆಸಿ ಬಾಯಲ್ಲೇ ಪುಟ್ಟ ಉಂಡೆ ಮಾಡುತ್ತದೆ. ಉಂಡೆಗಳಲ್ಲಿ ಎರಡು ಅಳತೆ: ಒಂದು ದೊಡ್ಡದು, ಒಂದು ಸಣ್ಣದು. ದೊಡ್ಡ ಉಂಡೆಗಳ ನಡುವಿನ ಸಂದಿಗೆ ಸಣ್ಣವು ಕೂಡುತ್ತವೆ. ಗೌಂಡಿಗಳು ದೊಡ್ಡ ಕಲ್ಲಿನ ನಡುವೆ ಚಕ್ಕೆಕಲ್ಲು ಬಡಿದು ಗೋಡೆ ಬಿಗಿ ಮಾಡುವುದಿಲ್ಲವೇ? ಇದೂ ಹಾಗೆಯೇ. ಮಣ್ಣಿನ ತೇವ ಹದವಾಗಿರದಿದ್ದರೆ ಕೆಲಸ ಸಾಗದು. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ನೆಲದಡಿಯ ನೀರಿನ ಕುರುಹುಗಳನ್ನು ಹೇಳುವಾಗ ಹುತ್ತವನ್ನೂ ಸೇರಿಸಿದ್ದಾನೆ. ಹುತ್ತವಿದ್ದಲ್ಲೆಲ್ಲ ಬೋರ್‌ವೆಲ್‌ಗೆ ನೀರು ಬೀಳುತ್ತದೆಂದು ಇದರ ಅರ್ಥವಲ್ಲ. ಆದರೆ ಗೆದ್ದಲಿಗೆ ತೇವ ಬೇಕೇಬೇಕು ಎಂಬುದನ್ನು ಹಿಂದಿನವರು ಗಮನಿಸಿದ್ದರು.

ಈ ಹುತ್ತಕ್ಕೆ ಹೊರಗೆ ಕಾಣುವ ಬಾಗಿಲಿಲ್ಲ, ಕಿಟಕಿಯಿಲ್ಲ. ಹಾಗಾದರೆ ಒಳಗಿನ ಲಕ್ಷಗಟ್ಟಲೆ ಜೀವಿಗಳೂ ಅಣಬೆಯೂ ಉಸಿರಾಡುವುದು ಹೇಗೆ? ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್. ಮಹಾದೇವನ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಹುತ್ತಗಳೊಳಗೆ ಗಾಳಿಯ ವೇಗ ಅಳೆದು, 2015ರಲ್ಲಿ ಉತ್ತರ ಪ್ರಕಟಿಸಿದರು. ಹಗಲು ಹುತ್ತದ ಹೊರಮೈ ಬಿಸಿಯೇರುತ್ತದೆ. ಅಂಚಿನ ಕೊಳವೆಗಳ ಗಾಳಿ ಮೇಲೇರಿ, ನಡುವಿನ ಗಾಳಿ ಕೆಳಗಿಳಿಯುತ್ತದೆ. ರಾತ್ರಿ ಹೊರಮೈ ತಣಿದಾಗ ಇದು ತಿರುವುಮುರುವಾಗುತ್ತದೆ. ಹಗಲು ಒಳಗೆ ಸೇರಿಕೊಂಡ ಇಂಗಾಲದ ಡೈ ಆಕ್ಸೈಡ್ ರಾತ್ರಿ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಹೊರಬೀಳುತ್ತದೆ. ಹಗಲು ಇರುಳಿನ ಉಷ್ಣತೆಯ ವ್ಯತ್ಯಾಸವೇ ಇಲ್ಲಿ ಫ್ಯಾನು, ಕರೆಂಟು ಬೇಕಿಲ್ಲ.

ಶತ್ರುವೋ, ಮಿತ್ರನೋ?

ಇಷ್ಟೆಲ್ಲ ಕೇಳಿದ ಮೇಲೂ ರೈತನ ಚಿಂತೆ ಉಳಿದೇ ಇರುತ್ತದೆ. ಗೋವಿನಜೋಳ, ಶೇಂಗಾ, ಮೆಣಸಿನ ಗಿಡದ ಬೇರು ಕತ್ತರಿಸಿದರೆ ನಷ್ಟ ಅವನದೇ. ಬಾಗಿಲ ಚೌಕಟ್ಟು, ಪೆಟ್ಟಿಗೆಯಲ್ಲಿಟ್ಟ ಕಾಗದಪತ್ರ ಹಾಳಾದಾಗ ಯಾರಿಗೂ ಗೆದ್ದಲಿನ ಜಾಣತನ ನೆನಪಾಗದು. ಇದು ಸಹಜ.

ಆದರೆ ಜಗತ್ತಿನ ಸುಮಾರು 3 ಸಾವಿರ ಗೆದ್ದಲು ಜಾತಿಗಳಲ್ಲಿ ದೊಡ್ಡ ಹಾನಿ ಮಾಡುವವು ನೂರರ ಆಸುಪಾಸು ಮಾತ್ರ. ಉಳಿದವು ಸತ್ತ ಮರ, ಒಣಕಸಗಳನ್ನು ಮಣ್ಣಿಗೆ ಮರಳಿಸುವ ಕೆಲಸದಲ್ಲಿವೆ. ಆಸ್ಟ್ರೇಲಿಯದ ಒಣಭೂಮಿಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇರುವೆ ಮತ್ತು ಗೆದ್ದಲುಗಳನ್ನು ಹಾಗೆಯೇ ಬಿಟ್ಟ ಹೊಲಗಳಲ್ಲಿ ಗೋಧಿಯ ಇಳುವರಿ ನೂರಕ್ಕೆ 36ರಷ್ಟು ಹೆಚ್ಚು ಬಂತು. ಅವು ಕೊರೆದ ಬಿಲಗಳಲ್ಲಿ ಮಳೆನೀರು ಚೆನ್ನಾಗಿ ಇಂಗಿತ್ತು; ಮಣ್ಣಿನಲ್ಲಿ ಸಾರಜನಕವೂ ಹೆಚ್ಚಿತ್ತು. ಮಳೆಯನ್ನೇ ನಂಬಿದ ನಮ್ಮ ರೈತರೂ ಯೋಚಿಸಬೇಕಾದ ಸಂಗತಿ ಇದು.

ವಿಷದ ಕಥೆಯೂ ಗೊತ್ತಿರಲಿ. ಒಂದು ಕಾಲಕ್ಕೆ ಹೊಲಕ್ಕೆ ಧಾರಾಳವಾಗಿ ಎರಚುತ್ತಿದ್ದ ಬಿಎಚ್‌ಸಿ ಪುಡಿಯನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಗೆದ್ದಲಿಗೆ ಬಳಸುತ್ತಿದ್ದ ಆಲ್ಡ್ರಿನ್ ಕೂಡ ಈಗ ನಿಷಿದ್ಧ. ಇವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಮೇವಿನ ಮೂಲಕ ಹಸುವಿನ ಹಾಲಿಗೂ ಸೇರುತ್ತಿದ್ದವು.

ಹಾಗಾದರೆ ಏನು ಮಾಡಬೇಕು? ಪೂರ್ತಿ ಕಳಿತ ತಿಪ್ಪೆಗೊಬ್ಬರವನ್ನೇ ಹೊಲಕ್ಕೆ ಹಾಕಬೇಕು. ಅರೆಕಳಿತ ಗೊಬ್ಬರ ಗೆದ್ದಲಿಗೆ ಔತಣವಿದ್ದಂತೆ. ಬಾಡಿದ ಗಿಡಕ್ಕೆ ಗೆದ್ದಲು ಬೇಗ ಹತ್ತುವುದರಿಂದ, ಅನುಕೂಲವಿದ್ದವರು ಸಕಾಲಕ್ಕೆ ನೀರು ಕೊಡಬೇಕು. ಬಣವಿಯನ್ನು ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಒಟ್ಟಬೇಕು. ಹಾನಿ ಮೀರಿದರೆ ಕೃಷಿ ಇಲಾಖೆಯವರನ್ನು ಕೇಳಿ, ಹೇಳಿದಷ್ಟೇ ಔಷಧಿ ಬಳಸಬೇಕು. ದೂರದ ಬದುವಿನಲ್ಲಿ ಯಾರಿಗೂ ತೊಂದರೆ ಕೊಡದ ಹುತ್ತವನ್ನು ಅದರ ಪಾಡಿಗೆ ಬಿಡುವುದು ಒಳ್ಳೆಯದು.

ವಿದ್ಯಾರ್ಥಿಗಳಿಗೊಂದು ಸುಲಭ ಪ್ರಯೋಗ: ಬೇವಿನ ಮರದ ಕಾಂಡದ ಮೇಲೆ ಗೆದ್ದಲು ಕಟ್ಟಿದ ಮಣ್ಣಿನ ಸುರಂಗವನ್ನು ಒಂದು ಅಂಗುಲದಷ್ಟು ಮಾತ್ರ ಒಡೆಯಿರಿ. ಮೊದಲು ಬರುವವರು ಯಾರು, ಕೂಲಿಗಳೋ ಸೈನಿಕರೋ? ರಿಪೇರಿ ಮುಗಿಯಲು ಎಷ್ಟು ಹೊತ್ತು ಬೇಕಾಯಿತು? ಮಳೆ ಬಂದ ಮರುದಿನ ಬೇಗ ಮುಗಿಯುತ್ತದೆಯೋ, ಬಿರುಬಿಸಿಲಿನಲ್ಲೋ? ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹುತ್ತದ ಬಿಲಕ್ಕೆ ಮಾತ್ರ ಕೈ ಹಾಕಬೇಡಿ. ಒಳಗೆ ಹಾವು ಬಿಡಾರ ಹೂಡಿರಬಹುದು.