ರಸ್ತೆ ಸೈಕಲ್ಲಿನ ಬಿಡಿಭಾಗಗಳು: ಬೆಲೆಪಟ್ಟಿಗಿಂತ ಮೊದಲು ತಾಳೆ ನೋಡಬೇಕಾದ ಲೆಕ್ಕ

ಸರಕಿನ ಬೆಲೆ ತಿಳಿದ ಮಾತ್ರಕ್ಕೆ ಅದರ ನಿಜವಾದ ವೆಚ್ಚ ತಿಳಿದಂತಾಗುವುದಿಲ್ಲ ಎಂಬುದು ವರ್ತಕರಿಗೆ ಹೊಸ ಮಾತಲ್ಲ. ರೋಡ್ ಬೈಕ್ ಎಂದು ರೂಢಿಯಲ್ಲಿ ಕರೆಯಲ್ಪಡುವ, ಬಾಗಿದ ಹ್ಯಾಂಡಲ್ ಮತ್ತು ಕಿರಿದಾದ ಟೈರುಗಳುಳ್ಳ ರಸ್ತೆ ಸೈಕಲ್ಲುಗಳ ಬಿಡಿಭಾಗಗಳ ವ್ಯಾಪಾರಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ ಈ ಸರಕಿಗೆ ಎರಡು ಬಗೆಯ ಗ್ರಾಹಕರಿದ್ದಾರೆ. ಬೆಂಗಳೂರಿನಿಂದ ರಜಾದಿನದ ಮುಂಜಾನೆ ನಂದಿಬೆಟ್ಟದತ್ತ ಹೊರಡುವ ಉದ್ಯೋಗಸ್ಥರು ಒಂದು ಕಡೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ರಾಜ್ಯ ಹಾಗೂ ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಸಿದ್ಧರಾಗುವ ಯುವಕ ಯುವತಿಯರು ಇನ್ನೊಂದು ಕಡೆ. ತಪ್ಪು ಭಾಗ ಕೊಂಡರೆ ಮೊದಲನೆಯವರಿಗೆ ಹಣದ ನಷ್ಟವಾಗುತ್ತದೆ. ಎರಡನೆಯವರಿಗೆ ಒಂದು ವರ್ಷದ ಸ್ಪರ್ಧೆಯೇ ಕೈತಪ್ಪಬಹುದು. ಅಂಗಡಿಯವರ ಪಾಲಿಗೆ ಅದೇ ತಪ್ಪು ಕಪಾಟಿನಲ್ಲಿ ಧೂಳು ತಿನ್ನುವ ಬಂಡವಾಳವಾಗುತ್ತದೆ. ಆದುದರಿಂದ ಕೊಳ್ಳುವವರು, ಮಾರುವವರು ಮತ್ತು ತಯಾರಿಸುವವರು ಈ ಮೂವರ ದೃಷ್ಟಿಯಿಂದಲೂ ವಿಷಯವನ್ನು ಪರಿಶೀಲಿಸುವುದು ಸೂಕ್ತ.

ದುರಸ್ತಿಯೋ, ಬಂಡವಾಳವೋ?

ಲೆಕ್ಕಶಾಸ್ತ್ರದಲ್ಲಿ ರಾಜಸ್ವ ವೆಚ್ಚ ಮತ್ತು ಬಂಡವಾಳ ವೆಚ್ಚ ಎಂಬ ಭೇದವಿದೆ. ಯಂತ್ರವನ್ನು ಇದ್ದ ಸ್ಥಿತಿಯಲ್ಲಿ ಉಳಿಸಿಕೊಳ್ಳಲು ಮಾಡುವ ಖರ್ಚು ಮೊದಲನೆಯದು. ಅದರ ಸಾಮರ್ಥ್ಯವನ್ನೇ ಹೆಚ್ಚಿಸಲು ಮಾಡುವ ಖರ್ಚು ಎರಡನೆಯದು. ಸೈಕಲ್ಲಿನಲ್ಲಿ ಚೈನ್, ಬ್ರೇಕ್ ಪ್ಯಾಡ್, ಕೇಬಲ್, ಟೈರು, ಹ್ಯಾಂಡಲ್ ಟೇಪ್ ಇವು ಮೊದಲ ವರ್ಗಕ್ಕೆ ಸೇರುತ್ತವೆ. ಹೊಸ ಚಕ್ರಗಳು, ಎಲೆಕ್ಟ್ರಾನಿಕ್ ಗೇರು, ಕಾರ್ಬನ್ ಹ್ಯಾಂಡಲ್ ಮುಂತಾದವು ಎರಡನೆಯ ವರ್ಗದವು. ಅನೇಕರು ಮೊದಲ ವರ್ಗವನ್ನು ಅಲಕ್ಷಿಸಿ ಎರಡನೆಯ ವರ್ಗಕ್ಕೆ ಹಣ ಸುರಿಯುವುದು ಕಂಡುಬರುತ್ತದೆ. ಸವೆದ ಚೈನಿನ ಮೇಲೆ ಹೊಸ ಗೇರು ಕೂರಿಸುವುದೆಂದರೆ ಸೋರುವ ಮಾಳಿಗೆಗೆ ಬಣ್ಣ ಬಳಿದಂತೆ.

ಚೈನಿನ ಸವೆತವನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಎಣಿಸಿದ 24 ಕೊಂಡಿಗಳ ಉದ್ದ ಸರಿಯಾಗಿ 12 ಅಂಗುಲ, ಅಂದರೆ 304.8 ಮಿ.ಮೀ. ಇದು ಸುಮಾರು 1.5 ಮಿ.ಮೀ. ಹೆಚ್ಚಿದ್ದರೆ ಸವೆತ ಶೇ. 0.5 ಆಯಿತೆಂದು ತಿಳಿಯಬೇಕು. 11 ಮತ್ತು 12 ಹಲ್ಲುಚಕ್ರಗಳ ಗೇರುಗಳಲ್ಲಿ ಈ ಹಂತದಲ್ಲಿಯೇ ಚೈನನ್ನು ಬದಲಿಸುವುದು ಲೇಸು. 10 ಅಥವಾ ಅದಕ್ಕಿಂತ ಕಡಿಮೆ ಇರುವಲ್ಲಿ ಶೇ. 0.75ರವರೆಗೆ ತಡೆಯಬಹುದು.

ಇದರ ಆರ್ಥಿಕ ಪರಿಣಾಮವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಚೈನಿಗೆ 2,000 ರೂ., ಹಿಂಚಕ್ರದ ಕ್ಯಾಸೆಟ್ಟಿಗೆ 5,000 ರೂ., ಮುಂದಿನ ಹಲ್ಲುಚಕ್ರಗಳಿಗೆ 8,000 ರೂ. ಎಂದಿಟ್ಟುಕೊಳ್ಳಿ. 4,000 ಕಿ.ಮೀ.ಗೊಮ್ಮೆ ಚೈನ್ ಬದಲಿಸುತ್ತ ಒಂದೇ ಕ್ಯಾಸೆಟ್ಟಿನಲ್ಲಿ 12,000 ಕಿ.ಮೀ. ಓಡಿಸಿದವರಿಗೆ ಮೂರು ಚೈನ್ ಮತ್ತು ಒಂದು ಕ್ಯಾಸೆಟ್ ಸೇರಿ 11,000 ರೂ., ಅಂದರೆ ಕಿ.ಮೀ.ಗೆ 92 ಪೈಸೆ ತಗಲುತ್ತದೆ. ಒಂದೇ ಚೈನನ್ನು 8,000 ಕಿ.ಮೀ. ಎಳೆದು ಮೂರನ್ನೂ ಒಟ್ಟಿಗೆ ಬದಲಿಸಬೇಕಾಗಿ ಬಂದವರಿಗೆ 15,000 ರೂ., ಅಂದರೆ ಕಿ.ಮೀ.ಗೆ 1 ರೂ. 88 ಪೈಸೆ. ಬೆಲೆಗಳು ಏನೇ ಇರಲಿ, ಉಳಿತಾಯದ ದಿಕ್ಕು ಮಾತ್ರ ಬದಲಾಗದು.

ಹೊಂದಾಣಿಕೆ ಏಕೆ ಮುಖ್ಯವಾಯಿತು?

ಒಂದು ಕಾಲದಲ್ಲಿ ಯಾವ ಕಂಪನಿಯ ಭಾಗವನ್ನಾದರೂ ಇನ್ನೊಂದರೊಡನೆ ಬಹುಮಟ್ಟಿಗೆ ಸೇರಿಸಬಹುದಾಗಿತ್ತು. ಸವಾರನು ಸನ್ನೆಯನ್ನು ಅಂದಾಜಿನಿಂದ ಎಳೆದು ಗೇರು ಬದಲಿಸುತ್ತಿದ್ದನು. ಜಪಾನಿನ ಸಕಾಯಿ ಪಟ್ಟಣದಲ್ಲಿ 1921ರಲ್ಲಿ ಸಣ್ಣ ಕಬ್ಬಿಣದ ಕಾರ್ಖಾನೆಯಾಗಿ ಆರಂಭವಾದ ಶಿಮಾನೊ ಕಂಪನಿಯು 1984ರಲ್ಲಿ ತನ್ನ ಡ್ಯೂರಾ-ಏಸ್ ಶ್ರೇಣಿಯಲ್ಲಿ ಹೊಸ ವ್ಯವಸ್ಥೆಯೊಂದನ್ನು ತಂದಿತು. ಸನ್ನೆ ಒಮ್ಮೆ ‘ಟಿಕ್’ ಎಂದರೆ ಕೇಬಲ್ ನಿಗದಿಯಾದಷ್ಟೇ ದೂರ ಸರಿದು, ಗೇರು ತಾನಾಗಿ ಸರಿಯಾದ ಹಲ್ಲುಚಕ್ರಕ್ಕೆ ಕೂರುತ್ತಿತ್ತು. ಸವಾರನಿಗೆ ಇದು ದೊಡ್ಡ ಅನುಕೂಲ. ಆದರೆ ಅಂದಿನಿಂದ ಸನ್ನೆ, ಡಿರೇಲರ್ ಮತ್ತು ಹಲ್ಲುಚಕ್ರಗಳ ಅಂತರ ಈ ಮೂರೂ ಒಂದೇ ಅಳತೆಗೆ ಒಳಪಡಬೇಕಾಯಿತು. 1990ರಲ್ಲಿ ಬ್ರೇಕಿನ ಸನ್ನೆಯೊಳಗೇ ಗೇರಿನ ಸನ್ನೆಯೂ ಸೇರಿತು. 2009ರಲ್ಲಿ ಶಿಮಾನೊ ವಿದ್ಯುತ್ ಚಾಲಿತ ಗೇರನ್ನೂ, 2015ರಲ್ಲಿ ಅಮೆರಿಕದ ಸ್ರ್ಯಾಮ್ ಕಂಪನಿಯು ತಂತಿಯಿಲ್ಲದ ಗೇರನ್ನೂ ಮಾರುಕಟ್ಟೆಗೆ ತಂದವು. ಹೀಗೆ ಬಿಡಿಭಾಗದ ಮಾರಾಟ ಕ್ರಮೇಣ ‘ಗ್ರೂಪ್‌ಸೆಟ್’ ಎಂಬ ಇಡೀ ಕಟ್ಟಿನ ಮಾರಾಟವಾಯಿತು.

ಅಳತೆಗಳು ಅತಿಯಾಗಿ ಕವಲೊಡೆದರೆ ತಯಾರಕರಿಗೂ ಹೊರೆಯೇ. 2023ರಲ್ಲಿ ಶಿಮಾನೊ ಪರಿಚಯಿಸಿದ ಕ್ಯೂಸ್ ಶ್ರೇಣಿಯಲ್ಲಿ 9, 10 ಮತ್ತು 11 ಹಲ್ಲುಚಕ್ರಗಳ ಗೇರುಗಳಿಗೆ ಒಂದೇ ಬಗೆಯ ಚೈನ್ ಸಾಕಾಗುವಂತೆ ಮಾಡಿದೆ. 2025ರಲ್ಲಿ ಬಾಗಿದ ಹ್ಯಾಂಡಲ್ಲಿನ ಸೈಕಲ್ಲುಗಳಿಗೂ ಈ ಶ್ರೇಣಿ ವಿಸ್ತರಿಸಿತು. ದಾಸ್ತಾನು ಇಡುವವರು ಗಮನಿಸತಕ್ಕ ಬೆಳವಣಿಗೆ ಇದು.

ಕೊಳ್ಳುವ ಮುನ್ನ ಬರೆದುಕೊಳ್ಳಬೇಕಾದ ಅಂಶಗಳು

ಗ್ರಾಹಕರು ಅಂಗಡಿಗೆ ಬರುವಾಗ, ಅಂಗಡಿಯವರು ಆದೇಶ ಕಳಿಸುವಾಗ, ಈ ಐದು ಅಂಶಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಅವಶ್ಯ.

1. ಬ್ರೇಕಿನ ಬಗೆ: ರಿಮ್ ಬ್ರೇಕಿನ ಫ್ರೇಮಿಗೆ ಡಿಸ್ಕ್ ಬ್ರೇಕ್ ಕೂರಿಸಲು ಸಾಮಾನ್ಯವಾಗಿ ಸಾಧ್ಯವಿಲ್ಲ. ಹಿಂಚಕ್ರದ ಹಬ್ಬಿನ ಅಗಲ ರಿಮ್ ಬ್ರೇಕಿನ ಸೈಕಲ್ಲಿನಲ್ಲಿ 130 ಮಿ.ಮೀ. ಆದರೆ ಈಗಿನ ಡಿಸ್ಕ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 142 ಮಿ.ಮೀ. ಇರುತ್ತದೆ.

2. ಫ್ರೀಹಬ್: ಕ್ಯಾಸೆಟ್ ಕೂರುವ ಭಾಗ ಕಂಪನಿಯಿಂದ ಕಂಪನಿಗೆ ಬೇರೆ. ಶಿಮಾನೊ 11 ಗೇರಿನ ರಸ್ತೆ ಫ್ರೀಹಬ್ಬಿನ ಮೇಲೆ ಹಳೆಯ ಕ್ಯಾಸೆಟ್ ಕೂರಿಸುವುದಾದರೆ 1.85 ಮಿ.ಮೀ. ದಪ್ಪದ ಬಳೆ ಬೇಕು. ಸ್ರ್ಯಾಮ್ ಕಂಪನಿಯ 10 ಹಲ್ಲಿನಿಂದ ಆರಂಭವಾಗುವ 12 ಗೇರಿನ ಕ್ಯಾಸೆಟ್ಟಿಗೆ ಎಕ್ಸ್‌ಡಿಆರ್ ಎಂಬ ಬೇರೆಯೇ ಫ್ರೀಹಬ್ ಬೇಕಾಗುತ್ತದೆ.

3. ಬಾಟಮ್ ಬ್ರ್ಯಾಕೆಟ್: ಮರೆಯಿರುವ ಬಗೆಯೋ, ಒತ್ತಿ ಕೂರಿಸುವ ಬಗೆಯೋ ಎಂಬುದರ ಜತೆಗೆ ಕ್ರ್ಯಾಂಕಿನ ಅಚ್ಚಿನ ವ್ಯಾಸವನ್ನೂ ನೋಡಬೇಕು. ಶಿಮಾನೊದ ರಸ್ತೆ ಕ್ರ್ಯಾಂಕಿಗೆ 24 ಮಿ.ಮೀ., ಸ್ರ್ಯಾಮ್ ಡಬ್ ಕ್ರ್ಯಾಂಕಿಗೆ 28.99 ಮಿ.ಮೀ. ಇದೆ.

4. ಟೈರಿನ ಜಾಗ: ಹಳೆಯ ಫ್ರೇಮುಗಳು 23 ಅಥವಾ 25 ಮಿ.ಮೀ. ಟೈರಿಗೆಂದೇ ಮಾಡಿದವು. 28 ಮಿ.ಮೀ. ಕೊಳ್ಳುವ ಮುನ್ನ ಫೋರ್ಕ್ ಮತ್ತು ಬ್ರೇಕಿನ ಕೆಳಗಿನ ಬಿಡುವನ್ನು ಅಳೆಯಬೇಕು.

5. ರಿಮ್ಮಿನ ಅಂಚು: ಕೊಕ್ಕೆಯಿಲ್ಲದ ಹುಕ್‌ಲೆಸ್ ರಿಮ್ಮುಗಳಲ್ಲಿ ಗಾಳಿಯ ಒತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ ಮೀರಬಾರದು. ಟೈರು ಕೂಡ ಅಂತಹ ರಿಮ್ಮಿಗೆ ಒಪ್ಪುವುದೆಂದು ತಯಾರಕರು ಹೇಳಿರಬೇಕು. 100 ಪಿಎಸ್‌ಐ ಹೊಡೆದು ರೂಢಿಯಾದವರಿಗೆ ಮಾರುವಾಗ ಇದನ್ನು ಬಾಯಿಬಿಟ್ಟು ಹೇಳುವುದು ಅಂಗಡಿಯವರ ಕರ್ತವ್ಯ. ಓಟದ ನಡುವೆ ಟೈರು ಕಳಚಿದರೆ ಆಗುವ ಹಾನಿಯನ್ನು ಯಾವ ರಿಯಾಯಿತಿಯೂ ತುಂಬಿಕೊಡಲಾರದು.

ಮೊದಲ ರೂಪಾಯಿ ಎಲ್ಲಿಗೆ?

ತೂಕ ಇಳಿಸುವುದೇ ಉನ್ನತೀಕರಣ ಎಂಬ ಭಾವನೆ ವ್ಯಾಪಕವಾಗಿದೆ. ಲೆಕ್ಕ ಹಾಕಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಸವಾರ, ಸೈಕಲ್ಲು, ನೀರು ಎಲ್ಲ ಸೇರಿ 86 ಕೆ.ಜಿ. ಎಂದುಕೊಳ್ಳೋಣ. 50,000 ರೂ. ಕೊಟ್ಟು 500 ಗ್ರಾಂ ಇಳಿಸಿದರೆ ಒಟ್ಟು ತೂಕದಲ್ಲಿ ಕಡಿಮೆಯಾದುದು ಶೇ. 0.58 ಮಾತ್ರ. ಗಾಳಿಯ ತಡೆಯನ್ನು ಪೂರ್ತಿ ಬದಿಗಿಟ್ಟರೂ, 30 ನಿಮಿಷದ ಬೆಟ್ಟದ ಏರಿನಲ್ಲಿ ಉಳಿಯುವ ಸಮಯ ಸುಮಾರು 10 ಸೆಕೆಂಡು. ಸೆಕೆಂಡಿಗೆ 5,000 ರೂ. ಬಿದ್ದಂತಾಯಿತು. ಸಮತಟ್ಟಾದ ರಸ್ತೆಯಲ್ಲಿ ಈ ಲಾಭವೂ ಕಾಣದು. ಸ್ಪರ್ಧೆಯ ಕೊನೆಯ ಹಂತದಲ್ಲಿರುವವರಿಗೆ ಹತ್ತು ಸೆಕೆಂಡಿಗೆ ಬೆಲೆಯುಂಟು, ನಿಜ. ಆದರೆ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸೈಕಲ್ಲಿನ ತೂಕ 6.8 ಕೆ.ಜಿ.ಗಿಂತ ಕಡಿಮೆ ಇರಕೂಡದೆಂಬ ಮಿತಿ 2000ನೇ ಇಸವಿಯಿಂದಲೂ ಇದೆ.

ಇದಕ್ಕೆ ಪ್ರತಿಯಾಗಿ ಉತ್ತಮ ಟೈರುಗಳಿಗೂ, ಬ್ರೇಕ್ ಪ್ಯಾಡುಗಳಿಗೂ ತಗಲುವ ಹಣ ಅಲ್ಪ. ಟೈರಿನ ಉರುಳು ತಡೆ ಕಡಿಮೆಯಾದರೆ ಪ್ರತಿ ಕಿ.ಮೀ.ನಲ್ಲಿಯೂ ಶ್ರಮ ಉಳಿಯುತ್ತದೆ. ಸೀಮಿತ ಹಣವಿರುವವರು ಮೊದಲು ಟೈರು, ಚೈನ್ ಮತ್ತು ಬ್ರೇಕ್, ಆಮೇಲೆ ಮೈಗೆ ಒಪ್ಪುವ ಸೀಟು ಮತ್ತು ಹ್ಯಾಂಡಲ್ ಅಳತೆ, ನಂತರ ಚಕ್ರಗಳು, ಎಲ್ಲಕ್ಕೂ ಕೊನೆಗೆ ಗ್ರೂಪ್‌ಸೆಟ್ ಎಂಬ ಕ್ರಮವನ್ನು ಅನುಸರಿಸುವುದು ಹಿತಕರ. ಗ್ರೂಪ್‌ಸೆಟ್ ಬದಲಿಸುವ ಖರ್ಚು ಸೈಕಲ್ಲಿನ ಈಗಿನ ಮಾರಾಟ ಬೆಲೆಯ ಅರ್ಧವನ್ನು ಮೀರುವಂತಿದ್ದರೆ, ಇದ್ದುದನ್ನು ಮಾರಿ ಮೇಲಿನ ದರ್ಜೆಯ ಸೈಕಲ್ಲನ್ನೇ ಕೊಳ್ಳುವ ಲೆಕ್ಕವನ್ನೂ ಹಾಕಿ ನೋಡಬೇಕು.

ಹಳೆಯ ಭಾಗ ಕೊಳ್ಳುವವರಿಗೆ ಎಚ್ಚರಿಕೆ

ಬಳಸಿದ ಭಾಗಗಳ ಪೇಟೆ ಬೆಳೆಯುತ್ತಿದೆ. ಇಲ್ಲಿ ಒಂದು ಸಂಗತಿಯನ್ನು ಮರೆಯುವಂತಿಲ್ಲ. 2023ರ ಸೆಪ್ಟೆಂಬರ್ ತಿಂಗಳಲ್ಲಿ ಶಿಮಾನೊ ಕಂಪನಿಯು 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದ 11 ಗೇರಿನ ಕೆಲವು ಅಲ್ಟೆಗ್ರಾ ಮತ್ತು ಡ್ಯೂರಾ-ಏಸ್ ಕ್ರ್ಯಾಂಕುಗಳನ್ನು ತಪಾಸಣೆಗೆ ಕರೆಯಿತು. ಅಂಟಿನಿಂದ ಜೋಡಿಸಿದ ಟೊಳ್ಳು ತೋಳು ಬಿಚ್ಚಿಕೊಂಡು ಮುರಿಯುವ ಸಂಭವವಿದ್ದುದೇ ಕಾರಣ. ಅಮೆರಿಕವೊಂದರಲ್ಲಿಯೇ ಸುಮಾರು 6,80,000 ಕ್ರ್ಯಾಂಕುಗಳು ಇದರ ವ್ಯಾಪ್ತಿಗೆ ಬಂದವು. ತೋಳಿನ ಹಿಂಬದಿಯಲ್ಲಿ ಅಚ್ಚೊತ್ತಿದ ಎರಡಕ್ಷರದ ಸಂಕೇತದಿಂದ ತಯಾರಿಕೆಯ ಅವಧಿ ತಿಳಿಯುತ್ತದೆ. ಇದನ್ನು ನೋಡದೆ ಕೊಳ್ಳುವುದೂ ಮಾರುವುದೂ ತರವಲ್ಲ. ಒಮ್ಮೆ ಬಿದ್ದು ಪೆಟ್ಟು ತಿಂದ ಕಾರ್ಬನ್ ಹ್ಯಾಂಡಲ್, ಫೋರ್ಕುಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಸಲ್ಲುತ್ತದೆ. ಒಳಗಿನ ಬಿರುಕು ಹೊರಗಣ್ಣಿಗೆ ಕಾಣುವುದಿಲ್ಲ.

ವರ್ತಕರ ದಾಸ್ತಾನು ಮತ್ತು ತೆರಿಗೆ

ಸೈಕಲ್ಲು ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆದರೆ ಅಂಗಡಿಯಲ್ಲಿರುವ ಎಲ್ಲವೂ ‘ಬಿಡಿಭಾಗ’ ಎಂಬ ಒಂದೇ ಶೀರ್ಷಿಕೆಗೆ ಸೇರುವುದಿಲ್ಲ. ಫ್ರೇಮ್, ಹಬ್, ಬ್ರೇಕ್, ಸೀಟು, ಪೆಡಲ್ ಮತ್ತು ಕ್ರ್ಯಾಂಕ್ 8714ರಲ್ಲಿ, ಟೈರು 4011ರಲ್ಲಿ, ಟ್ಯೂಬು 4013ರಲ್ಲಿ, ರೋಲರ್ ಚೈನ್ 7315ರಲ್ಲಿ ಬರುತ್ತವೆ. ಒಂದೇ ಬಿಲ್ಲಿನಲ್ಲಿ ಎಲ್ಲಕ್ಕೂ ಒಂದೇ ದರ ಹಾಕುವ ಮುನ್ನ ಶೀರ್ಷಿಕೆಗಳನ್ನು ತಾಳೆ ನೋಡತಕ್ಕದ್ದು.

ವರ್ಷಾಂತ್ಯದ ದಾಸ್ತಾನು ಬೆಲೆ ಕಟ್ಟುವಾಗ ಲೆಕ್ಕಪತ್ರ ಮಾನಕ 2ರ ಪ್ರಕಾರ ಖರೀದಿ ವೆಚ್ಚ ಮತ್ತು ಮಾರಾಟದಿಂದ ನಿವ್ವಳವಾಗಿ ಬರಬಹುದಾದ ಮೊತ್ತ ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿಯಬೇಕು. ಬೇಡಿಕೆ ಕುಂದಿದ ರಿಮ್ ಬ್ರೇಕ್ ಚಕ್ರಗಳನ್ನೂ, ಹಳೆಯ 10 ಗೇರಿನ ಸನ್ನೆಗಳನ್ನೂ ಪೂರ್ಣ ಖರೀದಿ ಬೆಲೆಯಲ್ಲಿ ತೋರಿಸುತ್ತ ಹೋದರೆ ಇಲ್ಲದ ಲಾಭವನ್ನು ಇದೆಯೆಂದು ಬರೆದಂತಾಗುತ್ತದೆ. ಅಂತಹ ಸರಕನ್ನು ಲೆಕ್ಕದಿಂದ ಪೂರ್ತಿ ತೆಗೆದುಹಾಕಿದರೆ ಅಥವಾ ಉಚಿತವಾಗಿ ಕೊಟ್ಟರೆ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)(ಎಚ್) ಕಲಮಿನಂತೆ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಬೆಲೆ ತಗ್ಗಿಸಿಯಾದರೂ ಬಿಲ್ ಮಾಡಿ ಮಾರಿದರೆ ಆ ತೊಡಕಿಲ್ಲ. ಹಳೆಯ ಸೈಕಲ್ಲನ್ನೇ ನೆಚ್ಚಿಕೊಂಡಿರುವ ಜಿಲ್ಲಾಮಟ್ಟದ ಸ್ಪರ್ಧಿಗಳಿಗೆ ಇಂತಹ ಸರಕು ಇಂದಿಗೂ ಬೇಕು. ಅವರನ್ನು ಹುಡುಕಿ ಮಾರುವುದರಲ್ಲಿ ಇಬ್ಬರಿಗೂ ಅನುಕೂಲವಿದೆ.

ಸಣ್ಣ ತಯಾರಕರಿಗೆ ಅವಕಾಶ

ಗ್ರೂಪ್‌ಸೆಟ್ ತಯಾರಿಕೆ ಸಣ್ಣ ಕೈಗಾರಿಕೆಯ ಅಳವಿಗೆ ಮೀರಿದ್ದು. ಆದರೆ ಡಿರೇಲರ್ ಹ್ಯಾಂಗರ್ ಎಂಬ ಅಂಗೈಯಗಲದೊಳಗಿನ ಅಲ್ಯೂಮಿನಿಯಂ ತುಂಡನ್ನು ನೋಡಿ. ಸೈಕಲ್ಲು ಬಿದ್ದಾಗ ಫ್ರೇಮ್ ಮುರಿಯದಂತೆ ತಾನು ಬಾಗುವುದೇ ಇದರ ಕೆಲಸ. ಫ್ರೇಮಿನಿಂದ ಫ್ರೇಮಿಗೆ ಇದರ ಆಕಾರ ಬೇರೆ. ಸರಿಯಾದುದು ದೊರೆಯದೆ ಬೆಲೆಬಾಳುವ ಸೈಕಲ್ಲು ಮೂಲೆ ಹಿಡಿಯುವುದುಂಟು. ಸ್ರ್ಯಾಮ್ ಕಂಪನಿ 2019ರಲ್ಲಿ ಎಲ್ಲ ಫ್ರೇಮಿಗೂ ಹೊಂದಬಲ್ಲ ಏಕರೂಪದ ಹ್ಯಾಂಗರನ್ನು ತಂದಿದೆಯಾದರೂ, ಅದಕ್ಕೆ ಒಗ್ಗದ ಫ್ರೇಮುಗಳು ರಸ್ತೆಯ ಮೇಲೆ ಬಹಳ ಇವೆ. ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಸಿಎನ್‌ಸಿ ಯಂತ್ರವುಳ್ಳ ಘಟಕಗಳಿಗೆ ಹ್ಯಾಂಗರ್, ಅಂತರದ ಬಳೆ, ನೀರಿನ ಬಾಟಲಿಯ ಗೂಡು ಮುಂತಾದವು ಕಷ್ಟದ ಕೆಲಸವಲ್ಲ. ಮೊದಲು ಸುತ್ತಲಿನ ಅಂಗಡಿಗಳಿಂದ ಮಾದರಿ ಮತ್ತು ಬೇಡಿಕೆಯ ಪಟ್ಟಿ ಪಡೆದು, ಸಣ್ಣ ಪ್ರಮಾಣದಲ್ಲಿ ಆರಂಭಿಸುವುದು ಕ್ಷೇಮ. ಬ್ರೇಕ್, ಫೋರ್ಕ್, ಹ್ಯಾಂಡಲ್ ಮುಂತಾಗಿ ಸವಾರನ ಪ್ರಾಣ ಅವಲಂಬಿಸಿರುವ ಭಾಗಗಳಿಗೆ ಮಾತ್ರ ಐಎಸ್‌ಒ 4210 ಮಾನಕದಂತೆ ಪರೀಕ್ಷೆ ಮಾಡಿಸದೆ ಕೈಹಾಕಬಾರದು.

ಒಟ್ಟಿನಲ್ಲಿ ಈ ವ್ಯಾಪಾರದಲ್ಲಿ ಅಳತೆಯ ತಿಳಿವಳಿಕೆಯೇ ದಾಸ್ತಾನಿನ ಮುಖ್ಯ ಭಾಗ. ಪ್ರತಿ ಗ್ರಾಹಕರ ಸೈಕಲ್ಲಿನ ಮೇಲಿನ ಐದು ವಿವರಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸಿಕೊಳ್ಳುವ ಅಂಗಡಿಗೆ ಹಿಂದಿರುಗಿ ಬರುವ ಸರಕು ಕಡಿಮೆಯಾಗುತ್ತದೆ, ಹಿಂದಿರುಗಿ ಬರುವ ಗ್ರಾಹಕರು ಹೆಚ್ಚುತ್ತಾರೆ. ಇದಕ್ಕೆ ತಗಲುವ ಬಂಡವಾಳ ಒಂದು ನೋಟುಪುಸ್ತಕ ಮತ್ತು ಒಂದು ವರ್ನಿಯರ್ ಅಳತೆಗೋಲು ಮಾತ್ರ.