ಕ್ಷಯದ ಸಂಶೋಧನೆಗೆ ಆಡು ಏಕೆ?

ಕೊಪ್ಪಳ ಜಿಲ್ಲೆಯ ಮಂಗಳೂರು, ಯಲಬುರ್ಗಾ, ಕುಷ್ಟಗಿ ಕಡೆಯ ಒಣಬೇಸಾಯದ ಊರುಗಳಲ್ಲಿ ಆಡು ಬಡವರ ಹಸುವೆನಿಸಿದೆ. ಇದೇ ಪ್ರಾಣಿಯನ್ನು ಸ್ಪೇನ್, ಬ್ರಿಟನ್ ದೇಶಗಳ ವಿಜ್ಞಾನಿಗಳು ಕ್ಷಯರೋಗದ ಲಸಿಕೆಗಳನ್ನು ಪರೀಕ್ಷಿಸಲು ಬಳಸಿದ್ದಾರೆ.

1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದ ಮೇಲೆ ಪ್ರಯೋಗಗಳು ಹೆಚ್ಚಾಗಿ ಸಣ್ಣ ಪ್ರಾಣಿಗಳ ಮೇಲೆಯೇ ನಡೆದವು. ಆದರೆ ಪ್ರಯೋಗಾಲಯದ ಇಲಿಯ ಶ್ವಾಸಕೋಶದಲ್ಲಿ ಸಾಮಾನ್ಯವಾಗಿ ಕುಳಿ ಬೀಳುವುದಿಲ್ಲ. ಆಡಿನಲ್ಲಾದರೋ ಮನುಷ್ಯರಲ್ಲಿರುವಂತೆಯೇ ಗಂಟುಗಳೆದ್ದು, ಅವುಗಳ ಒಳಭಾಗ ಗಿಣ್ಣದಂತಾಗಿ, ಕರಗಿ ಕುಳಿ ಬೀಳುತ್ತದೆ. ಲಸಿಕೆ ಹಾಕಿದ ಮತ್ತು ಹಾಕದ ಆಡುಗಳಿಗೆ ರೋಗಾಣು ಕೊಟ್ಟು, ಶ್ವಾಸಕೋಶದ ಗಾಯಗಳನ್ನು ಹೋಲಿಸಿದರೆ ಲಸಿಕೆಯ ಗುಣ ತಿಳಿಯುತ್ತದೆ.

ರೈತರೂ ಇದರಿಂದ ಅರಿಯಬೇಕಾದುದಿದೆ. ಆಡಿಗೆ ಕ್ಷಯವು ಪ್ರಯೋಗಾಲಯದ ಹೊರಗೂ ತಗಲುತ್ತದೆ. ರೋಗವುಳ್ಳ ದನಗಳಿಂದ ಆಡಿಗೆ, ಹಸಿ ಹಾಲಿನ ಮೂಲಕ ಮನೆಯವರಿಗೆ ಹರಡಬಲ್ಲದು. ಬಹುದಿನ ಕೆಮ್ಮುವ, ಮೇವು ತಿಂದರೂ ಬಡಕಲಾಗುವ ಆಡನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ತೋರಿಸಿರಿ. ಟ್ಯುಬರ್ಕ್ಯುಲಿನ್ ಮದ್ದನ್ನು ಚರ್ಮದೊಳಗೆ ಚುಚ್ಚಿ, 72 ಗಂಟೆಗಳ ನಂತರ ಬಾವು ಅಳೆದು ರೋಗ ಪತ್ತೆ ಮಾಡುತ್ತಾರೆ. ನಷ್ಟಕ್ಕೆ ಅಂಜಿ ಅಂಥ ಆಡನ್ನು ಸಂತೆಗೆ ಹೊಡೆದರೆ ರೋಗ ಇನ್ನೊಬ್ಬರ ಹಟ್ಟಿ ಸೇರುತ್ತದೆ. ಹಾಲನ್ನು ಯಾವಾಗಲೂ ಕುದಿಸಿಯೇ ಕುಡಿಯಿರಿ.